ಖಾಲಿ ನಿವೇಶನದ ಬೇಲಿಗೆ ಬರೆಯುವ ಬೋರ್ಡು: ತೋಟಕ್ಕೆ ಜನ ಸೇರಿಸುವ ಮಾತು ಮತ್ತು ಚಿತ್ರ

ನಾನು ಬೋರ್ಡು ಬರೆಯುವವನು. ಕಿರಾಣಿ ಅಂಗಡಿ, ಶಾಲೆಯ ಗೋಡೆ, ಲಾರಿಯ ಹಿಂಬದಿ, ದೇವಸ್ಥಾನದ ದಾನಿಗಳ ಪಟ್ಟಿ ಎಲ್ಲವನ್ನೂ ಕುಂಚ ಹಿಡಿದು ಬರೆದಿದ್ದೇನೆ. ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ನನ್ನ ಬಳಿ ಹೊಸ ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ತಮ್ಮ ಬಡಾವಣೆಯಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದ ನಿವೇಶನದಲ್ಲಿ ನೆರೆಹೊರೆಯವರೆಲ್ಲ ಸೇರಿ ಸೊಪ್ಪು, ತರಕಾರಿ ಬೆಳೆಯಬೇಕೆಂದು ಹೊರಟವರು ಇವರು. ಬಂದವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: "ಹಸಿರೇ ಉಸಿರು ಎಂದು ದೊಡ್ಡದಾಗಿ ಬರೆದುಕೊಡಿ."

ನಾನು ಅವರನ್ನು ಕೂರಿಸಿ ಚಹಾ ತರಿಸಿ, ಬೇರೆ ಬರೆಯೋಣ ಎನ್ನುತ್ತೇನೆ. ಹಸಿರೇ ಉಸಿರು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದನ್ನು ಓದಿ, ಒಪ್ಪಿ, ಮುಂದೆ ನಡೆದುಬಿಡುತ್ತಾರೆ. ಬೇಲಿಯ ಮುಂದೆ ನಿಂತವರ ಮನಸ್ಸಿನಲ್ಲಿರುವ ಪ್ರಶ್ನೆಗಳು ಬೇರೆ. ಈ ಜಾಗ ಯಾರದು? ಒಳಗೆ ಏನು ನಡೆಯುತ್ತಿದೆ? ನಾನು ಒಳಗೆ ಬರಬಹುದೇ, ಬಂದರೆ ಯಾವಾಗ? ಈ ಮೂರಕ್ಕೆ ಉತ್ತರ ಕೊಡುವ ಬೋರ್ಡು ಜನರನ್ನು ಕರೆತರುತ್ತದೆ. ಉಳಿದದ್ದೆಲ್ಲ ಅಲಂಕಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಹಳೆಯ ಬೋರ್ಡನ್ನು ಇಳಿಸಿ

ಹೆಚ್ಚಿನ ಖಾಲಿ ನಿವೇಶನಗಳಲ್ಲಿ ಈಗಾಗಲೇ ಒಂದು ಬೋರ್ಡು ಇರುತ್ತದೆ: "ಇಲ್ಲಿ ಎಲ್ಲರೂ ಕಸ ಸುರಿಯುತ್ತಿದ್ದಾರೆ, ದಯವಿಟ್ಟು ನಿಲ್ಲಿಸಿ." ಅದರ ಬುಡದಲ್ಲೇ ಕಸದ ರಾಶಿ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಮೆರಿಕದ ಅರಿಜೋನಾದಲ್ಲಿ ಮರಗಳು ಕಲ್ಲಾಗಿ ಉಳಿದಿರುವ ಒಂದು ರಾಷ್ಟ್ರೀಯ ಉದ್ಯಾನವಿದೆ. ಪ್ರವಾಸಿಗಳು ಅಲ್ಲಿನ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ದಾರಿಯುದ್ದಕ್ಕೂ ಗುರುತು ಮಾಡಿದ ಚೂರುಗಳನ್ನಿಟ್ಟು ಬೇರೆ ಬೇರೆ ಫಲಕಗಳನ್ನು ಪರೀಕ್ಷಿಸಿದರು. "ಹಿಂದೆ ಬಂದ ಅನೇಕರು ಚೂರುಗಳನ್ನು ಒಯ್ದಿದ್ದಾರೆ" ಎಂಬ ಅರ್ಥದ ಫಲಕವಿದ್ದಾಗ ಸುಮಾರು 8% ಚೂರುಗಳು ಮಾಯವಾದವು. "ದಯವಿಟ್ಟು ಒಯ್ಯಬೇಡಿ" ಎಂದಷ್ಟೇ ಹೇಳಿದ ಫಲಕವಿದ್ದಾಗ ಹೋದದ್ದು 2%ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಿದ್ದಾರೆ ಎಂದು ಗೋಳಾಡುವ ಬೋರ್ಡು ಓದುವವನಿಗೆ ಧೈರ್ಯ ತುಂಬುತ್ತದೆ. ಆದ್ದರಿಂದ ಕಸದ ಸುದ್ದಿ ಎತ್ತಲೇಬೇಡಿ. ಅಲ್ಲಿ ಈಗ ಏನು ಬೆಳೆಯುತ್ತಿದೆ ಎಂದು ಹೇಳಿ.

ಕೆಲವರು ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುತ್ತಾರೆ. ಅದರಿಂದ ಗೋಡೆ ಒದ್ದೆಯಾಗುವುದು ನಿಲ್ಲಬಹುದು. ಆದರೆ ಭಯದಿಂದ ದೂರ ಸರಿದವರು ಹತ್ತಿರ ಬಂದು ಮಡಿ ಅಗೆಯುವುದಿಲ್ಲ. ಒಂದು ಧರ್ಮದ ಚಿತ್ರವಿದ್ದ ಕಡೆ ಇನ್ನೊಂದು ಧರ್ಮದ ನೆರೆಯವರು ಇದು ತಮ್ಮ ತೋಟವಲ್ಲ ಎಂದುಕೊಳ್ಳುತ್ತಾರೆ. ಸಮುದಾಯದ ತೋಟಕ್ಕೆ ಅದು ಬೇಡ.

ಏನು ಬರೆಯಬೇಕು

ನಾನು ಸಾಮಾನ್ಯವಾಗಿ ಬರೆದುಕೊಡುವ ಮಾದರಿ ಇದು:

"ಇಲ್ಲಿ ಹರಿವೆ, ಮೆಂತ್ಯ, ಬದನೆ ಬೆಳೆಯುತ್ತಿದ್ದೇವೆ. ಭಾನುವಾರ ಬೆಳಿಗ್ಗೆ 7ಕ್ಕೆ ಬನ್ನಿ. ಕೆಲಸ ಮಾಡಿದವರಿಗೆ ಸೊಪ್ಪು. ಜಾಗದ ಮಾಲೀಕರ ಅನುಮತಿಯಿದೆ."

ಕೆಳಗೆ ಒಂದು ಫೋನ್ ನಂಬರ್. ಅದು ಕರೆ ಎತ್ತುವವರ ನಂಬರ್ ಆಗಿರಲಿ. ಸಂಘದ ಅಧ್ಯಕ್ಷರದ್ದೇ ಆಗಬೇಕೆಂದೇನಿಲ್ಲ. ಎರಡು ಸಲ ಕರೆ ಮಾಡಿ ಉತ್ತರ ಸಿಗದವರು ಮೂರನೆಯ ಸಲ ಮಾಡುವುದಿಲ್ಲ.

ಈ ಮಾದರಿ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2011ರಲ್ಲಿ ಪೌಲಾ ಸೀಗಲ್ ಎಂಬ ವಕೀಲೆ "596 ಎಕರೆ" ಎಂಬ ಗುಂಪನ್ನು ಆರಂಭಿಸಿದರು. ಆ ಭಾಗದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಸಾರ್ವಜನಿಕ ಭೂಮಿಯ ಲೆಕ್ಕವೇ ಗುಂಪಿನ ಹೆಸರಾಯಿತು. ಅವರು ಮಾಡಿದ್ದು ಸರಳ ಕೆಲಸ. ಖಾಲಿ ಜಾಗಗಳ ಬೇಲಿಗೆ ಫಲಕ ಕಟ್ಟಿದರು: ಈ ಜಾಗ ಸಾರ್ವಜನಿಕರದು, ಇದರ ದಾಖಲೆ ಸಂಖ್ಯೆ ಇಂತಿಷ್ಟು, ಇಂಥ ಇಲಾಖೆಯ ವಶದಲ್ಲಿದೆ, ವಿಚಾರಿಸಲು ಇಂಥವರನ್ನು ಸಂಪರ್ಕಿಸಿ. ಪ್ರತಿದಿನ ಆ ಬೇಲಿಯ ಪಕ್ಕದಲ್ಲೇ ಓಡಾಡುತ್ತಿದ್ದವರಿಗೆ ಅಲ್ಲಿಯವರೆಗೆ ಸಿಗದಿದ್ದ ಮಾಹಿತಿ ಅದು. ಓದಿದವರು ಕರೆ ಮಾಡಿದರು, ನೆರೆಯವರನ್ನು ಸೇರಿಸಿದರು. ಹತ್ತಾರು ಜಾಗಗಳು ತೋಟಗಳಾದವು. ಒಪ್ಪಿಸುವ ಮಾತಿಗೆ ಭಾವುಕತೆ ಬೇಕೇ ಬೇಕು ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಇಲಾಖೆಯ ಹೆಸರು ಮತ್ತು ಸಂಪರ್ಕ, ಇಷ್ಟೇ ಸಾಕಾಯಿತು.

ಇಂಗ್ಲೆಂಡಿನ ಟಾಡ್ಮೋರ್ಡನ್ ಎಂಬ ಸಣ್ಣ ಊರಿನವರು 2008ರಿಂದ ಇನ್ನೊಂದು ಬಗೆ ತೋರಿಸಿದರು. ಪೊಲೀಸ್ ಠಾಣೆಯ ಮುಂದೆ ಮುಸುಕಿನ ಜೋಳ, ರೈಲು ನಿಲ್ದಾಣದಲ್ಲಿ ಅಡುಗೆಯ ಸೊಪ್ಪು ನೆಟ್ಟು, ಬೇಕಾದವರು ಕಿತ್ತುಕೊಳ್ಳಿ ಎಂದು ಫಲಕ ಇಟ್ಟರು. ಅವರ ಘೋಷಣೆಯ ಸಾರ ಇಷ್ಟು: ಊಟ ಮಾಡುವವರೆಲ್ಲರೂ ಇದರಲ್ಲಿ ಸೇರಿದವರೇ. ಪಂಡಿತರೂ ಪಾಮರರೂ ಒಂದೇ ಏಟಿಗೆ ಒಳಗೆ ಬಂದರು. ಬೆಂಗಳೂರಿನ ತಾರಸಿ ತೋಟಗಾರರ ಸಂತೆಗೆ "ಊಟ ಫ್ರಮ್ ಯುವರ್ ತೋಟ" ಎಂದು ಹೆಸರಿಟ್ಟವರಿಗೂ ಈ ಗುಟ್ಟು ಗೊತ್ತಿತ್ತು. ಊಟ ಎಂದ ಕೂಡಲೇ ವಿಷಯ ಅಡುಗೆಮನೆಗೆ ಬರುತ್ತದೆ. ಪರಿಸರ ಎಂದರೆ ಅದು ಭಾಷಣದಲ್ಲೇ ಉಳಿದುಬಿಡುತ್ತದೆ.

ಟಾಡ್ಮೋರ್ಡನ್‌ನಂತೆ ಎಲ್ಲವನ್ನೂ ಬಿಟ್ಟುಕೊಡುವುದು ನಮ್ಮ ಬೀದಿಗಳಲ್ಲಿ ಕಷ್ಟ. ಬೆಂಡೆಕಾಯಿ ರಾತ್ರೋರಾತ್ರಿ ಖಾಲಿಯಾದರೆ ನೀರು ಹೊತ್ತವರ ಮನಸ್ಸು ಮುರಿಯುತ್ತದೆ. ಹಾಗೆಂದು "ಕೀಳಬೇಡಿ, ಕ್ಯಾಮೆರಾ ಇದೆ" ಎಂದು ಬರೆದರೆ ಮತ್ತೆ ಗದರಿಸುವ ಬೋರ್ಡೇ ಆಯಿತು. ನಡುವಿನ ದಾರಿಯೊಂದಿದೆ. ರಸ್ತೆಗೆ ತಾಗಿದ ಬೇಲಿಗೆ ಬಸಳೆ ಹಬ್ಬಿಸಿ, ಅದರ ಬಳಿ ಸಣ್ಣ ತಗಡಿನಲ್ಲಿ ಬರೆಯಿರಿ: "ಬೇಲಿಯ ಬಸಳೆ ಎಲ್ಲರಿಗೂ. ಎಲೆ ಕೀಳಿ, ಬಳ್ಳಿ ಎಳೆಯಬೇಡಿ." ದಾರಿಹೋಕರಿಗೂ ಪಾಲು ಸಿಕ್ಕಿತು, ಒಳಗಿನ ಮಡಿಗಳ ಮರ್ಯಾದೆಯೂ ಉಳಿಯಿತು. ಬಸಳೆ ಕಿತ್ತಷ್ಟೂ ಚಿಗುರುತ್ತದೆ, ಹಾಗಾಗಿ ಕೊಟ್ಟ ಮಾತು ತಪ್ಪುವ ಪ್ರಮೇಯವಿಲ್ಲ.

ಮಾತು ತಪ್ಪುವುದರ ಬಗ್ಗೆ ಇನ್ನೊಂದು ವಿಷಯ. ಬೆಳೆಯದ ಹಣ್ಣನ್ನು ಬರೆಯಬೇಡಿ. "ನೂರು ಬಗೆಯ ಹಣ್ಣು ತರಕಾರಿ" ಎಂದು ಬರೆದ ಬೋರ್ಡಿನ ಹಿಂದೆ ನಾಲ್ಕು ಟೊಮೆಟೊ ಗಿಡ ಕಂಡರೆ ಮುಂದಿನ ಯಾವ ಮಾತನ್ನೂ ಬೀದಿ ನಂಬುವುದಿಲ್ಲ. "ಸಾವಯವ" ಎಂದು ಬರೆಸುವವರನ್ನು ಮಣ್ಣು ಎಲ್ಲಿಂದ ತಂದಿರಿ ಎಂದು ಕೇಳುತ್ತೇನೆ. ನಗರದ ಖಾಲಿ ನಿವೇಶನದ ಮಣ್ಣಿನಲ್ಲಿ ಕಟ್ಟಡದ ಅವಶೇಷ, ಹಳೆಯ ಬಣ್ಣದ ಸೀಸ, ಗಾಜು ಏನು ಬೇಕಾದರೂ ಇರಬಹುದು. ಹೊರಗಿನ ಮಣ್ಣು ಮತ್ತು ಕಾಂಪೋಸ್ಟ್ ತುಂಬಿದ ಚೀಲಗಳಲ್ಲಿ ಬೆಳೆದಿದ್ದರೆ ಅದನ್ನೇ ಬರೆಯಿರಿ: "ಹೊರಗಿನಿಂದ ತಂದ ಮಣ್ಣಿನ ಚೀಲಗಳಲ್ಲಿ ಬೆಳೆದದ್ದು, ವಿಷದ ಔಷಧಿ ಹೊಡೆದಿಲ್ಲ." ಈ ಮಾತಿಗೆ ತೂಕ ಹೆಚ್ಚು.

ಸಂಖ್ಯೆಗೂ ತೂಕವಿದೆ, ಊಟಕ್ಕೆ ಜೋಡಿಸಿದರೆ ಮಾತ್ರ. 1939ರ ಅಕ್ಟೋಬರಿನಲ್ಲಿ, ಯುದ್ಧ ಶುರುವಾದ ಹೊಸದರಲ್ಲಿ, ಬ್ರಿಟನ್ನಿನ ಕೃಷಿ ಸಚಿವರು ರೇಡಿಯೊದಲ್ಲಿ ಜನರಿಗೆ ಒಂದು ಲೆಕ್ಕ ಕೊಟ್ಟರು. ಇನ್ನೂ 5 ಲಕ್ಷ ತುಂಡು ತೋಟಗಳನ್ನು ಚೆನ್ನಾಗಿ ದುಡಿಸಿದರೆ ಹೆಚ್ಚುವರಿಯಾಗಿ 10 ಲಕ್ಷ ದೊಡ್ಡವರಿಗೂ 15 ಲಕ್ಷ ಮಕ್ಕಳಿಗೂ ವರ್ಷದ 8 ತಿಂಗಳ ಆಲೂಗಡ್ಡೆ, ತರಕಾರಿ ಸಿಗುತ್ತದೆ ಎಂದು. "ಗೆಲುವಿಗಾಗಿ ಅಗೆಯಿರಿ" ಎಂಬ ಹೆಸರಿನಲ್ಲಿ ಮುಂದೆ ಪ್ರಸಿದ್ಧವಾದ ಆಂದೋಲನ ಅದು. ನಿಮ್ಮ ತೋಟಕ್ಕೂ ಇಂಥದ್ದೇ ಲೆಕ್ಕ ಬರೆಯಿರಿ: ಈ ಮಡಿಯಿಂದ ಇಷ್ಟು ಮನೆಗೆ ವಾರಕ್ಕೆ ಒಂದು ಕಟ್ಟು ಸೊಪ್ಪು. ಕಿಲೋ, ಟನ್ ಬೇಡ. ಕಟ್ಟು ಎಂದರೆ ಎಲ್ಲರ ಕೈಗೂ ಅಳತೆ ಸಿಗುತ್ತದೆ.

ಕುಂಚದ ಕೆಲಸ

ಇದು ನನ್ನ ಸ್ವಂತ ವಿದ್ಯೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫ್ಲೆಕ್ಸ್ ಬೇಡ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಮತ್ತು ಬ್ಯಾನರ್‌ಗಳೂ ಸೇರಿವೆ. ಅದಲ್ಲದೆ ಗಿಡ ಬೆಳೆಸುವ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ನಿಮ್ಮ ಮಾತನ್ನು ನೀವೇ ಅಳಿಸಿದ ಹಾಗೆ. ಕಬ್ಬಿಣದ ತಗಡು ತನ್ನಿ. ಹಳೆಯ ಎಣ್ಣೆ ಡಬ್ಬ ಬಿಡಿಸಿ ತಟ್ಟಿದರೂ ಆಗುತ್ತದೆ. ಅಂಚನ್ನು ಒಳಕ್ಕೆ ಮಡಿಸಿ, ಮಕ್ಕಳ ಕೈ ಕುಯ್ಯಬಾರದು. ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಒಂದು ಕೈ ಬಳಿದು ಪೂರ್ತಿ ಒಣಗಿಸಿ, ಮೇಲೆ ಎನಾಮಲ್ ಎರಡು ಕೈ. ತಗಡಿನ ಹಿಂಬದಿಗೂ ಬಳಿಯಿರಿ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಬಣ್ಣ ಆರಿಸುವಾಗ ಎಲ್ಲರೂ ಹಸಿರು ಎನ್ನುತ್ತಾರೆ. ತೋಟದ ಬೋರ್ಡು ಹಸಿರಾಗಿರಬಾರದು. ಎರಡು ತಿಂಗಳಲ್ಲಿ ಗಿಡ ಬೆಳೆದಾಗ ಹಸಿರಿನೊಳಗೆ ಹಸಿರು ಮುಳುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳದಿಯ ಮೇಲೆ ಕಪ್ಪು ದೂರದಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದು ಕಣ್ಣಿಗೆ ಚುಚ್ಚುತ್ತದೆ ಎನ್ನುವವರು ಬಿಳಿಯ ಮೇಲೆ ಗಾಢ ನೀಲಿ ಹಾಕಬಹುದು. ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ, ಫೋನ್ ನಂಬರನ್ನು ಕೆಂಪಿನಲ್ಲಿ ಬರೆಯಲೇಬೇಡಿ.

ಅಕ್ಷರದ ಎತ್ತರಕ್ಕೆ ನಮ್ಮ ಕಸುಬಿನ ಲೆಕ್ಕ: ಹತ್ತು ಅಡಿ ದೂರಕ್ಕೆ ಒಂದು ಇಂಚು. ಮೂವತ್ತು ಅಡಿ ರಸ್ತೆಯ ಆಚೆ ಬದಿಯಿಂದ ಓದಬೇಕಾದರೆ ಮೂರು ಇಂಚು. ಆ ಅಳತೆಯಲ್ಲಿ ಇಡೀ ಮಾತು ತಗಡಿಗೆ ಹಿಡಿಯುವುದಿಲ್ಲ. ಹಾಗಾಗಿ ಮೊದಲ ಸಾಲನ್ನು ಮಾತ್ರ ದೊಡ್ಡದು ಮಾಡಿ, ಹತ್ತಿರ ಬಂದವರಿಗೆ ಉಳಿದದ್ದು ಚಿಕ್ಕದರಲ್ಲಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ "ಸೊಪ್ಪು" ಎಂಬುದರ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರದ ಎತ್ತರದಷ್ಟೇ ಜಾಗವನ್ನು ಸಾಲುಗಳ ನಡುವೆ ಬಿಡಿ. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿ ಹಿಡಿದು ಚಿಮ್ಮಿಸಿದರೆ ನೇರ ಗೆರೆ ಬೀಳುತ್ತದೆ. ಬರೆದು ಒಣಗಿದ ಮೇಲೆ ಒರೆಸಿಬಿಡಿ.

ಕನ್ನಡ ಮೇಲೆ, ದೊಡ್ಡದಾಗಿ. ಕೆಳಗೆ ಆ ಬೀದಿಯ ಜನ ಓದುವ ಇನ್ನೊಂದು ಭಾಷೆ. ತಮಿಳೋ ತೆಲುಗೋ ಉರ್ದುವೋ ನಿಮಗೇ ಗೊತ್ತಿರುತ್ತದೆ. ಗೊತ್ತಿಲ್ಲದ ಲಿಪಿಯನ್ನು ಮೊಬೈಲ್ ನೋಡಿಕೊಂಡು ನಕಲು ಮಾಡಬೇಡಿ. ಆ ಮನೆಯವರನ್ನೇ ಕರೆದು ಬರೆಸಿ, ಆಗ ಅವರೂ ಆ ಬೋರ್ಡಿನ ಪಾಲುದಾರರು. ಓದಲು ಬಾರದವರಿಗಾಗಿ ಒಂದು ಕಟ್ಟು ಹರಿವೆ ಮತ್ತು 7 ಗಂಟೆ ತೋರಿಸುವ ಗಡಿಯಾರದ ಮುಖ ಬರೆಯಿರಿ. ಮನೆಗೆಲಸಕ್ಕೆ ಬರುವ ಹೆಂಗಸರು, ಕಟ್ಟಡ ಕೆಲಸದವರು ಇದನ್ನು ನೋಡಿ ವಿಚಾರಿಸಿದ್ದನ್ನು ಕಂಡಿದ್ದೇನೆ. ಅವರಲ್ಲಿ ಬಹಳ ಮಂದಿ ಹಳ್ಳಿಯಲ್ಲಿ ಹೊಲ ಮಾಡಿದವರು, ನಮಗಿಂತ ಚೆನ್ನಾಗಿ ಮಣ್ಣು ಬಲ್ಲವರು.

ದೊಡ್ಡ ಬೋರ್ಡಿನ ಪಕ್ಕ ಒಂದು ಕರಿಹಲಗೆ ನೇತುಹಾಕಿ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಆ ದಿನದ ದರ ಬರೆದಿರುತ್ತಾರಲ್ಲ, ಹಾಗೆ ಇಲ್ಲಿ ವಾರದ ಸುದ್ದಿ: "ಮೆಂತ್ಯ ಮೊಳಕೆ ಬಂದಿದೆ", "ಶನಿವಾರ ಮೂಲಂಗಿ ಕೀಳುತ್ತೇವೆ", "ಒಣಗಿದ ಎಲೆ ಬೇಕು, ತಂದುಕೊಡಿ". ಶಾಶ್ವತ ಬೋರ್ಡು ಒಂದು ತಿಂಗಳಿನಲ್ಲಿ ಕಣ್ಣಿಗೆ ಹಳತಾಗುತ್ತದೆ. ಹಲಗೆಯ ಮಾತು ಬದಲಾಗುತ್ತಿದ್ದರೆ ಒಳಗೆ ಜನ ಇದ್ದಾರೆ ಎಂಬುದು ಬೀದಿಗೆ ತಿಳಿಯುತ್ತದೆ.

ವಿದ್ಯುತ್ ಕಂಬಕ್ಕೆ, ರಸ್ತೆ ಮರಕ್ಕೆ, ಪಾಲಿಕೆಯ ಗೋಡೆಗೆ ಏನನ್ನೂ ಅಂಟಿಸಬೇಡಿ. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ರಾಜ್ಯ ಕಾಯ್ದೆ ಇದೆ. ಮರಕ್ಕೆ ಮೊಳೆ ಹೊಡೆದು ತೋಟಕ್ಕೆ ಕರೆಯುವುದು ನನ್ನ ಮಟ್ಟಿಗಂತೂ ಪಾಪ.

ಬೇಲಿಯೂ ಮಾತಾಡುತ್ತದೆ. ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳನ್ನು ಆಯ್ದು, ಕೆಲವನ್ನು ಚೊಕ್ಕಟ ಮಾಡಿ ಹುಲ್ಲು ಹಾಸಿ, ಒಂದೆರಡು ಮರ ನೆಟ್ಟು, ಸುತ್ತ ಗಿಡ್ಡ ಮರದ ಬೇಲಿ ಕಟ್ಟಿದರು. ಕೆಲವನ್ನು ಇದ್ದ ಹಾಗೇ ಬಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡವರ ಬಡಾವಣೆಗಳಲ್ಲಿ ಚೊಕ್ಕಟವಾದ ಜಾಗಗಳ ಸುತ್ತ ಗುಂಡಿನ ದಾಳಿಯಂಥ ಹಿಂಸೆ 29% ಕಡಿಮೆಯಾಗಿತ್ತು. ಆ ಬೇಲಿಯಲ್ಲಿ ಮನುಷ್ಯರು ಒಳಗೆ ಬರಲು ದಾರಿಯಿತ್ತು, ಕಸದ ಗಾಡಿ ನುಗ್ಗಲು ಇರಲಿಲ್ಲ. ನಮ್ಮಲ್ಲಿ ಸೊಂಟದೆತ್ತರದ ಬಿದಿರ ಬೇಲಿ ಸಾಕು. ಆಳೆತ್ತರದ ತಗಡು ಶೀಟು ನಿಲ್ಲಿಸಿದರೆ ಒಳಗೆ ಕಟ್ಟಡ ಏಳುತ್ತಿದೆ ಎಂದೇ ಜನ ತಿಳಿಯುತ್ತಾರೆ.

ಮಾಲೀಕರಿಗೆ ಬೇರೆ ಮಾತು, ಬೇರೆ ಚಿತ್ರ

ತೋಟ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲಿ. ನೆರೆಯವರನ್ನು ಸೆಳೆಯುವ ಮಾತೇ ಜಾಗದ ಮಾಲೀಕರನ್ನು ಬೆದರಿಸುತ್ತದೆ. "ನಮ್ಮ ಬೀದಿಯ ತೋಟ, ನಮ್ಮ ಹಕ್ಕು" ಎಂದು ಬರೆದ ಫೋಟೊ ಹೊರದೇಶದಲ್ಲಿರುವ ಮಾಲೀಕರ ವಾಟ್ಸ್‌ಆ್ಯಪ್‌ಗೆ ಹೋದ ದಿನವೇ ಬೀಗ ಬೀಳುತ್ತದೆ. ಅವರ ಭಯಕ್ಕೆ ಕಾರಣವಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಖಾಸಗಿ ಜಾಗವನ್ನು ಮಾಲೀಕರ ಒಪ್ಪಿಗೆಯಿಲ್ಲದೆ 12 ವರ್ಷ ಅನುಭವಿಸಿದವರು ಅದರ ಮೇಲೆ ಹಕ್ಕು ಸಾಧಿಸಲು ನೋಡಬಹುದು. ಒಪ್ಪಿಗೆಯ ಮೇಲೆ ಇರುವವರಿಗೆ ಆ ಹಕ್ಕು ಬರುವುದಿಲ್ಲ. ಹಾಗಾಗಿ ನಿಮ್ಮ ಪತ್ರದ ಮೊದಲ ಸಾಲಿನಲ್ಲೇ ಮಾಲೀಕರಿಗೆ ಬೇಕಾದ ಮಾತು ಇರಲಿ:

"ಸ್ವಾಮಿ, ಜಾಗ ತಮ್ಮದು. ತಮ್ಮ ಅನುಮತಿಯ ಮೇಲೆ ಮಾತ್ರ ನಾವು ಇಲ್ಲಿ ತರಕಾರಿ ಬೆಳೆಯುತ್ತೇವೆ. ತಾವು ತಿಳಿಸಿದ ಎರಡು ತಿಂಗಳೊಳಗೆ ಖಾಲಿ ಮಾಡಿಕೊಡುತ್ತೇವೆ. ಅಲ್ಲಿಯವರೆಗೆ ಕಸ ಬೀಳದಂತೆ, ಗಿಡಗಂಟಿ ಬೆಳೆಯದಂತೆ ನೋಡಿಕೊಳ್ಳುತ್ತೇವೆ."

ಇದಕ್ಕೆ ಜೊತೆಯಾಗಿ ಕಳಿಸುವ ಚಿತ್ರದಲ್ಲಿ ಮರ ಇರಬಾರದು. ಮಾವು, ತೆಂಗು, ಕಲ್ಲು ಬೆಂಚು, ಸಿಮೆಂಟಿನ ದಾರಿ ಯಾವುದೂ ಬೇಡ. 1976ರ ಮರ ಸಂರಕ್ಷಣಾ ಕಾಯ್ದೆಯಿಂದಾಗಿ ಬೆಳೆದ ಮರ ಕಡಿಯಲು ಅನುಮತಿಗೆ ಅಲೆಯಬೇಕೆಂದು ನಿವೇಶನ ಉಳ್ಳವರೆಲ್ಲರಿಗೂ ಗೊತ್ತು. ಸಾಲಾಗಿಟ್ಟ ಚೀಲ, ಕ್ರೇಟು, ಡ್ರಮ್ಮುಗಳ ಚಿತ್ರ ಕಳಿಸಿ. ನೋಡಿದ ಕೂಡಲೇ ಇದನ್ನು ಎತ್ತಿ ಒಯ್ಯಬಹುದು ಎಂದು ಅರ್ಥವಾಗಬೇಕು. ಬರ್ಲಿನ್ನಿನ ಮೋರಿಟ್ಜ್ ಚೌಕದ ಬಳಿ ದಶಕಗಳಿಂದ ಪಾಳು ಬಿದ್ದಿದ್ದ ಜಾಗದಲ್ಲಿ 2009ರಲ್ಲಿ ಹುಟ್ಟಿದ ಪ್ರಿನ್ಸೆಸಿನ್ನೆನ್ ತೋಟ ಹೀಗೇ ಬೆಳೆಯಿತು, ಬೇಕರಿಯ ಕ್ರೇಟು ಮತ್ತು ಅಕ್ಕಿ ಚೀಲಗಳಲ್ಲಿ. ಆ ಚಿತ್ರವೇ ಅದರ ಗುರುತಾಯಿತು. 2012ರಲ್ಲಿ ಜಾಗ ಮಾರುವ ಮಾತು ಬಂದಾಗ ಅದನ್ನು ಉಳಿಸಲು ಸುಮಾರು 30,000 ಮಂದಿ ಸಹಿ ಹಾಕಿದರು.

ಫೋಟೊ ತೆಗೆಯುವುದು

ಮೊದಲ ದಿನ, ಕಸ ಎತ್ತುವುದಕ್ಕೆ ಮುಂಚೆ, ಒಂದು ಫೋಟೊ ತೆಗೆಯಿರಿ. ಚೌಕಟ್ಟಿನೊಳಗೆ ಅಲ್ಲಾಡದ ಗುರುತೊಂದು ಇರಲಿ, ಟ್ರಾನ್ಸ್‌ಫಾರ್ಮರ್ ಅಥವಾ ಪಕ್ಕದ ಮನೆಯ ನೀಲಿ ಗೇಟು. ನಿಂತ ಜಾಗಕ್ಕೆ ಒಂದು ಕಲ್ಲಿಟ್ಟು, ಪ್ರತಿ ವಾರ ಅದೇ ಹೊತ್ತಿಗೆ ಅಲ್ಲಿಂದಲೇ ತೆಗೆಯಿರಿ. ಗುರುತು ಬದಲಾಗದಿದ್ದರೆ ಮಾತ್ರ ನೋಡುವವರು ಬದಲಾವಣೆಯನ್ನು ನಂಬುತ್ತಾರೆ. ಮೊದಲ ಬೆಳೆಗೆ ಮೆಂತ್ಯ ಹಾಕಿ ಎನ್ನುವುದಕ್ಕೆ ಇದೂ ಒಂದು ಕಾರಣ. ವಾರದೊಳಗೆ ಮೊಳಕೆ ಕಾಣುತ್ತದೆ, ತಿಂಗಳಿಗೆ ಕೊಯ್ಲು. ನುಗ್ಗೆ, ಪಪ್ಪಾಯಿ ನೆಟ್ಟು ಕುಳಿತರೆ ತೋರಿಸಲು ತಿಂಗಳುಗಟ್ಟಲೆ ಏನೂ ಇರುವುದಿಲ್ಲ, ಅಷ್ಟರಲ್ಲಿ ಜನ ಚದುರಿರುತ್ತಾರೆ.

ಕೈಗಳನ್ನು ತೋರಿಸಿ, ಮಣ್ಣು ಮೆತ್ತಿದ ಕೈ, ಕಟ್ಟು ಹಿಡಿದ ಕೈ. ಮಕ್ಕಳ ಮುಖ ಹಾಕುವ ಮುನ್ನ ತಾಯ್ತಂದೆಯರನ್ನು ಕೇಳಿ, ಪೌರಕಾರ್ಮಿಕರ ಫೋಟೊಗೆ ಅವರನ್ನೇ ಕೇಳಿ. ಎಲ್ಲಿಂದಲೋ ಇಳಿಸಿಕೊಂಡ ಕೆಂಪು ಕೊಟ್ಟಿಗೆ, ಹುಲ್ಲು ಟೋಪಿಯ ಬಿಳಿ ಮಗುವಿನ ಚಿತ್ರವನ್ನು ಕರಪತ್ರಕ್ಕೆ ಹಾಕುವವರಿದ್ದಾರೆ. ಅದನ್ನು ನೋಡಿದ ನಮ್ಮ ಬೀದಿಯ ಅಜ್ಜಿ ಅದು ತನ್ನ ತೋಟವೆಂದು ಹೇಗೆ ತಿಳಿಯಬೇಕು? ಆಕೆ ಅವರೆಕಾಯಿ ಸುಲಿಯುತ್ತಿರುವ ಫೋಟೊ ಹಾಕಿ, ಮುಂದಿನ ಭಾನುವಾರ ಆಕೆಯ ಮಗಳೂ ಸೊಸೆಯೂ ಬರುತ್ತಾರೆ.

ಜಾಗ ಸಾರ್ವಜನಿಕವಾಗಿದ್ದರೆ

ಆಗ ಚಿತ್ರಗಳನ್ನು ಜೋಪಾನವಾಗಿ ದಿನಾಂಕ ಸಮೇತ ಇಟ್ಟುಕೊಳ್ಳಿ. ನ್ಯೂಯಾರ್ಕ್ ನಗರಾಡಳಿತ 1999ರಲ್ಲಿ 114 ಸಮುದಾಯ ತೋಟಗಳನ್ನು ಹರಾಜಿಗಿಟ್ಟಿತು. ಕಾಗದದ ಮೇಲೆ ಅವು ಖಾಲಿ ನಿವೇಶನಗಳಾಗಿದ್ದವು. ತೋಟಗಾರರು ತರಕಾರಿ, ಹೂವು, ಹುಳಗಳ ವೇಷ ಹಾಕಿ ಬೀದಿಗಿಳಿದು, ಅಲ್ಲಿ ಬೆಳೆ ಮತ್ತು ಜನ ಇದ್ದಾರೆ ಎಂದು ಊರಿಗೆಲ್ಲ ತೋರಿಸಿದರು. ಕೊನೆಗೆ ಹರಾಜಿನ ಮುನ್ನಾದಿನ ಎರಡು ಸಂಸ್ಥೆಗಳು ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವನ್ನು ಉಳಿಸಿಕೊಂಡವು. ಅಧಿಕಾರಿಗೆ ಅರ್ಜಿ ಕೊಡುವಾಗ "ಖಾಲಿ ಜಾಗ" ಎಂಬ ಮಾತನ್ನು ಮೊದಲ ಅರ್ಜಿಯ ನಂತರ ಬಳಸಬೇಡಿ. "ಇಷ್ಟು ಮನೆಯವರು ಬೆಳೆಯುತ್ತಿರುವ ಜಾಗ" ಎಂದು ಬರೆದು, ಮನೆಗಳ ಪಟ್ಟಿ, ಫೋಟೊಗಳನ್ನು ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಜಾಗ ಬಿಟ್ಟುಕೊಡುವಾಗ

ಮಾಲೀಕರು ಮನೆ ಕಟ್ಟಲು ಹೊರಟರೆ ಕೊಟ್ಟ ಮಾತಿನಂತೆ ಖಾಲಿ ಮಾಡಬೇಕು. ಆಗಲೂ ಒಂದು ಬೋರ್ಡು ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಅಕ್ಷರಗಳ ಮೇಲೆ ಬಣ್ಣ ಬಳಿದು ಹೀಗೆ ಬರೆಸಿ: "ಈ ತೋಟ ಯುಗಾದಿಗೆ ಮುಗಿಯುತ್ತದೆ. ಜಾಗ ಕೊಟ್ಟ ಮಾಲೀಕರಿಗೆ ಕೃತಜ್ಞತೆಗಳು. ಚೀಲಗಳು ಎರಡನೇ ಅಡ್ಡರಸ್ತೆಗೆ ಹೋಗುತ್ತವೆ, ಅಲ್ಲಿಗೆ ಬನ್ನಿ." ಹೊಸ ಜಾಗ ಇನ್ನೂ ಸಿಕ್ಕಿಲ್ಲದಿದ್ದರೆ ಕೊನೆಯ ಸಾಲಿನಲ್ಲಿ "ಖಾಲಿ ನಿವೇಶನ ಇದ್ದವರು ತಿಳಿಸಿ" ಎಂದು ನಂಬರ್ ಕೊಡಿ. ಖಾಲಿ ಮಾಡಿದ ಜಾಗದ ಮುಂದೆ ಈ ಬೋರ್ಡು ನಿಂತಿರುವ ಫೋಟೊ ತೆಗೆದು, ಅನುಮತಿ ಪತ್ರದ ಪ್ರತಿಯೊಡನೆ ಇಟ್ಟುಕೊಳ್ಳಿ. ಮುಂದಿನ ಮಾಲೀಕರ ಬಳಿ ಹೋಗುವಾಗ ಮೊದಲು ತೋರಿಸಬೇಕಾದ ಚಿತ್ರ ಅದೇ.